ಆಡಿ ಗೆದ್ದವರು ಆಡಿಸಬಲ್ಲರೆ?

1994ರ ಮಾರ್ಚ್ ಕೊನೆಯಲ್ಲಿ ಮ್ಯಾಜಿಕ್ ಜಾನ್ಸನ್ ಲಾಸ್ ಏಂಜಲೀಸ್ ಲೇಕರ್ಸ್ ತಂಡದ ಮುಖ್ಯ ಕೋಚ್ ಆದರು. ಅದೇ ತಂಡಕ್ಕಾಗಿ ಆಡಿ ಐದು ಸಲ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪ್ರಶಸ್ತಿ ಗೆದ್ದವರು ಅವರು. ಜೊತೆಯ ಆಟಗಾರ ಎಲ್ಲಿಗೆ ಓಡಲಿದ್ದಾನೆ ಎಂಬುದು ಅವನಿಗೇ ಹೊಳೆಯುವ ಮೊದಲು ಚೆಂಡನ್ನು ಅಲ್ಲಿಗೆ ಕಳಿಸುತ್ತಿದ್ದವರು. ಕೋಚ್ ಆಗಿ ಮೊದಲ ಆರು ಪಂದ್ಯಗಳಲ್ಲಿ ಐದನ್ನು ಗೆದ್ದರು. ಆಮೇಲಿನ ಹತ್ತನ್ನೂ ಸೋತರು. ಋತು ಮುಗಿಯುತ್ತಲೇ ಈ ಕೆಲಸ ನನಗೆ ಬೇಡವೆಂದು ಹೊರಬಂದರು.

ಮಹಾನ್ ಆಟಗಾರರಿಂದ ಕೋಚಿಂಗ್ ಆಗುವುದಿಲ್ಲ ಎಂದು ವಾದಿಸುವವರು ಮೊದಲು ಎತ್ತುವುದು ಈ ಹದಿನಾರು ಪಂದ್ಯಗಳನ್ನು. ಹುಟ್ಟಾ ಪ್ರತಿಭಾವಂತನಿಗೆ ಸಾಮಾನ್ಯ ಆಟಗಾರನ ಕಷ್ಟ ತಿಳಿಯುವುದಿಲ್ಲ, ತನಗೆ ಸಲೀಸಾದದ್ದು ಇನ್ನೊಬ್ಬನಿಗೆ ಏಕೆ ಬರುತ್ತಿಲ್ಲವೆಂದು ಅವನು ಸಿಡುಕುತ್ತಾನೆ ಎಂಬುದು ಅವರ ವಿವರಣೆ. ಅದರಲ್ಲಿ ಸತ್ಯಾಂಶ ಇದೆ. ಆದರೆ ಅದು ಸೋಮಾರಿ ಸತ್ಯ. ಯಾವ ಮಹಾನ್ ಆಟಗಾರ, ಯಾವ ಕೆಲಸ, ಯಾವ ಕಾಲ ಎಂದು ಕೇಳುವ ಗೋಜಿಗೆ ಅದು ಹೋಗುವುದಿಲ್ಲ.

ಯಶಸ್ವಿ ಕೋಚ್‌ಗಳ ಪಟ್ಟಿ ನೋಡಿದರೆ ವಾದ ಬಲವಾಗಿಯೇ ಕಾಣುತ್ತದೆ. ಕೋಚ್ ಆಗಿ ಹನ್ನೊಂದು ಪ್ರಶಸ್ತಿ ಗೆದ್ದ ಫಿಲ್ ಜಾಕ್ಸನ್ ನ್ಯೂಯಾರ್ಕ್ ನಿಕ್ಸ್‌ನಲ್ಲಿ ಬದಲಿ ಆಟಗಾರರಾಗಿದ್ದವರು. ಪ್ಯಾಟ್ ರೈಲಿ, ಸ್ಟೀವ್ ಕರ್ ಇಬ್ಬರೂ ಪೋಷಕ ಪಾತ್ರದವರು. ಐದು ಪ್ರಶಸ್ತಿಗಳ ಗ್ರೆಗ್ ಪೊಪೊವಿಚ್ ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡಿದವರಲ್ಲ. ಎರಿಕ್ ಸ್ಪೋಲ್‌ಸ್ಟ್ರಾ 1995ರಲ್ಲಿ ಮಯಾಮಿ ಹೀಟ್ ಸೇರಿದ್ದು ಪಂದ್ಯಗಳ ವಿಡಿಯೊ ಕತ್ತರಿಸಿ ಜೋಡಿಸುವ ಕೋಣೆಯ ಕೆಲಸಕ್ಕೆ. ಜಾಕ್ಸನ್ ಅವರ ಕಥೆಯಲ್ಲಂತೂ ಕಾರಣ ಕಣ್ಣಿಗೆ ರಾಚುತ್ತದೆ. ಬೆನ್ನಿನ ಶಸ್ತ್ರಚಿಕಿತ್ಸೆಯಿಂದಾಗಿ 1969-70ರ ಋತುವಿಡೀ ಆಡಲಾಗದೆ ಅವರು ಕೋಚ್ ರೆಡ್ ಹೋಲ್ಜ್‌ಮನ್ ಅವರ ಆಸುಪಾಸಿನಲ್ಲಿದ್ದು ಆಟ ನೋಡಿದರು. ಬೆಂಚಿನಲ್ಲಿ ಕುಳಿತವನಿಗೆ ಹತ್ತೂ ಆಟಗಾರರು ಕಾಣುತ್ತಾರೆ. ತಾರೆಗೆ ಆ ಬಿಡುವು ಸಿಗುವುದಿಲ್ಲ.

ಹಾಗಾದರೆ ಬಿಲ್ ರಸೆಲ್ ಅವರನ್ನು ಎಲ್ಲಿಡುವುದು? ಆಟಗಾರರಾಗಿ ಹನ್ನೊಂದು ಪ್ರಶಸ್ತಿ ಗೆದ್ದವರು ಅವರು. ಅದರಲ್ಲಿ ಕೊನೆಯ ಎರಡನ್ನು, 1968 ಮತ್ತು 1969ರವನ್ನು, ಬಾಸ್ಟನ್ ಸೆಲ್ಟಿಕ್ಸ್‌ಗೆ ಆಡುತ್ತಲೇ ಕೋಚ್ ಕೂಡ ಆಗಿ ಗೆದ್ದರು. ಎನ್‌ಬಿಎಯ ಮೊದಲ ಕಪ್ಪು ವರ್ಣೀಯ ಮುಖ್ಯ ಕೋಚ್ ಅವರೇ. ಬಿಲ್ ಶಾರ್ಮನ್, ಟಾಮ್ ಹೈನ್‌ಸನ್, ಲೆನ್ನಿ ವಿಲ್ಕೆನ್ಸ್, ಕೆ.ಸಿ. ಜೋನ್ಸ್ ಸಹ ದೊಡ್ಡ ಆಟಗಾರರಾಗಿದ್ದು ಕೋಚ್ ಆಗಿಯೂ ಪ್ರಶಸ್ತಿ ಗೆದ್ದರು. ಇವರ ಗೆಲುವುಗಳೆಲ್ಲ ಅರವತ್ತರಿಂದ ಎಂಬತ್ತರ ದಶಕದವು. ನಂತರದ ವರ್ಷಗಳಲ್ಲಿ ಈ ಸಾಲು ತೆಳುವಾಗುತ್ತ ಬರುತ್ತದೆ. ಆ ಮೇಲೆ ಹುಟ್ಟಿದ ಪ್ರತಿಭಾವಂತರು ಕಲಿಸಲು ಬಾರದವರಾದರೆಂದು ನಾನು ನಂಬುವುದಿಲ್ಲ. ಬದಲಾದದ್ದು ಕೆಲಸ. ಅಂದಿನ ಕೋಚ್ ಹೆಚ್ಚುಕಡಿಮೆ ಒಂಟಿ; ತಾನು ಬಲ್ಲ ಆಟವನ್ನು ಹನ್ನೆರಡು ಜನರಿಗೆ ಹೇಳಿಕೊಟ್ಟರೆ ಆಯಿತು. ಇಂದು ಅವನ ಕೈಕೆಳಗೆ ಸಹಾಯಕರ ದಂಡು, ಅಂಕಿಅಂಶದವರು, ವಿಡಿಯೊದವರು. ಅದೊಂದು ಕಚೇರಿ. ಅಂಕಣದ ಮೇಲಿದ್ದಾಗ ಸ್ವತಃ ಹಾರಿ ಎದುರಾಳಿಯ ಶಾಟ್ ತಡೆಯುತ್ತಿದ್ದ ರಸೆಲ್, 1987ರಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್‌ಗೆ ಹೊರಗಿನಿಂದ ಕೋಚ್ ಆಗಿ ಬಂದಾಗ 17 ಪಂದ್ಯ ಗೆದ್ದು 41 ಸೋತರು. ಋತು ಮುಗಿಯುವ ಮೊದಲೇ ಆ ಸ್ಥಾನದಿಂದ ಇಳಿದರು.

ಬದಲಾದ ಈ ಕೆಲಸವನ್ನು ಸರಿಯಾಗಿ ಅರಿತು ಒಪ್ಪಿಕೊಂಡ ಮಹಾನ್ ಆಟಗಾರನೆಂದರೆ ನನ್ನ ಲೆಕ್ಕದಲ್ಲಿ ಲ್ಯಾರಿ ಬರ್ಡ್. 1997ರಲ್ಲಿ ಇಂಡಿಯಾನಾ ಪೇಸರ್ಸ್ ಅವರನ್ನು ಮುಖ್ಯ ಕೋಚ್ ಮಾಡಿತು. ಎಲ್ಲಿಯೂ ಕೋಚಿಂಗ್ ಮಾಡಿದ ಅನುಭವ ಅವರಿಗಿರಲಿಲ್ಲ. ತಂಡ ಹಿಂದಿನ ವರ್ಷ 39 ಗೆದ್ದು 43 ಸೋತಿತ್ತು. ಬರ್ಡ್ ಮೊದಲು ಮಾಡಿದ್ದು ತನಗೆ ಗೊತ್ತಿಲ್ಲದ್ದನ್ನು ಗೊತ್ತಿರುವವರ ಕೈಗೆ ಕೊಟ್ಟದ್ದು. ದಾಳಿಯ ಯೋಜನೆ ರಿಕ್ ಕಾರ್ಲೈಲ್ ಅವರಿಗೆ, ರಕ್ಷಣೆ ಡಿಕ್ ಹಾರ್ಟರ್ ಅವರಿಗೆ. ಕಾರ್ಲೈಲ್ ಸೆಲ್ಟಿಕ್ಸ್‌ನಲ್ಲಿ ಬರ್ಡ್ ಜೊತೆಗಿದ್ದ ಬದಲಿ ಆಟಗಾರ. ಮುಂದೆ 2011ರಲ್ಲಿ ಡಾಲಸ್ ತಂಡವನ್ನು ಪ್ರಶಸ್ತಿಗೆ ಒಯ್ದವರು. ಬರ್ಡ್ ತಮಗೆ ಉಳಿಸಿಕೊಂಡದ್ದು ಆಟಗಾರರ ದೈಹಿಕ ಕ್ಷಮತೆ, ಸಮಯಪಾಲನೆ, ಯಾರು ಯಾವಾಗ ಆಡಬೇಕೆಂಬ ನಿರ್ಧಾರ. ಪಂದ್ಯದ ನಡುವೆ ಕೂಗಾಡುತ್ತಿರಲಿಲ್ಲ. ಕೊನೆಯ ಕ್ಷಣದ ಶಾಟ್ ತಪ್ಪಿದವನನ್ನು ಗದರಿಸದೆ ಸುಮ್ಮನಿರುವ ಹಕ್ಕು, ಅಂಥ ಶಾಟ್‌ಗಳನ್ನು ನೂರಾರು ಬಾರಿ ಎತ್ತಿದವನಿಗೆ ತಾನಾಗಿ ಬರುತ್ತದೆ; ಆಟಗಾರರೂ ಅದನ್ನು ಗೌರವದಿಂದಲೇ ಸ್ವೀಕರಿಸುತ್ತಾರೆ. ಆ ವರ್ಷ ತಂಡ 58 ಗೆದ್ದು 24 ಸೋತಿತು. ವರ್ಷದ ಶ್ರೇಷ್ಠ ಕೋಚ್ ಗೌರವ ಬರ್ಡ್ ಅವರಿಗೆ ಸಂದಿತು. ಕ್ರಿಸ್ ಮಲಿನ್ ಅವರಂಥ ಶೂಟರ್ ಅದೇ ಬೇಸಿಗೆಯಲ್ಲಿ ತಂಡಕ್ಕೆ ಬಂದಿದ್ದರೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆದರೂ ಹತ್ತೊಂಬತ್ತು ಗೆಲುವಿನ ಏರಿಕೆ ಒಬ್ಬ ಶೂಟರ್‌ನಿಂದ ಬರುವಂಥದ್ದಲ್ಲ. 2000ದಲ್ಲಿ ಪೇಸರ್ಸ್ ಫೈನಲ್ ತಲುಪಿ ಲೇಕರ್ಸ್‌ಗೆ ಸೋತಿತು. ಮೂರೇ ವರ್ಷ ಇರುತ್ತೇನೆ ಎಂದು ಮೊದಲೇ ಹೇಳಿದ್ದ ಬರ್ಡ್, ಮಾತಿನಂತೆ ಹೊರಟರು.

ಇಲ್ಲಿ ಬರ್ಡ್ ಅವರ ಆಟದ ಕೌಶಲ ಎಷ್ಟು ಕೆಲಸಕ್ಕೆ ಬಂತು? ಅವರ ಕಣ್ಣಳತೆಯನ್ನಾಗಲಿ ಪಾಸ್‌ಗಳನ್ನಾಗಲಿ ಪೇಸರ್ಸ್ ಆಟಗಾರರು ಕಲಿತರೆಂದು ನಾನು ಹೇಳಲಾರೆ. ಅವರು ಗೆದ್ದದ್ದು ಒಳ್ಳೆಯ ಯಜಮಾನನಾಗಿ. ಹಾಗಾದರೆ ಮಹಾನ್ ಆಟಗಾರನ ಕೈಕಾಲಿನಲ್ಲಿರುವ ವಿದ್ಯೆಯ ಗತಿ ಏನು? ನನಗೆ ಮುಖ್ಯವೆನಿಸುವ ಪ್ರಶ್ನೆ ಇದು. ಅದಕ್ಕೆ ಉತ್ತರ ಇರುವುದು ಟೆಕ್ಸಸ್‌ನಲ್ಲಿ, ಹಕೀಮ್ ಒಲಾಜುವನ್ ಅವರ ಬಳಿ.

ಹ್ಯೂಸ್ಟನ್ ರಾಕೆಟ್ಸ್‌ಗೆ 1994 ಮತ್ತು 1995ರಲ್ಲಿ ಪ್ರಶಸ್ತಿ ಗೆದ್ದುಕೊಟ್ಟ ಹಕೀಮ್ ಎನ್‌ಬಿಎಯಲ್ಲಿ ಯಾವ ತಂಡಕ್ಕೂ ಮುಖ್ಯ ಕೋಚ್ ಆಗಲಿಲ್ಲ. ಆದರೆ ಬೇಸಿಗೆಯ ಬಿಡುವಿನಲ್ಲಿ ತಾರೆಗಳು ಅವರನ್ನು ಹುಡುಕಿಕೊಂಡು ಹೋದರು. 2009ರಲ್ಲಿ ಕೋಬಿ ಬ್ರಯಂಟ್, 2010ರಲ್ಲಿ ಡ್ವೈಟ್ ಹವರ್ಡ್, 2011ರಲ್ಲಿ ಲೆಬ್ರಾನ್ ಜೇಮ್ಸ್. ಕಲಿಸುತ್ತಿದ್ದದ್ದು ಕಾಲಿನ ಕೆಲಸ. ರಿಂಗಿಗೆ ಬೆನ್ನು ಮಾಡಿ ಚೆಂಡು ಹಿಡಿದು ನಿಂತಾಗ ಹೆಗಲನ್ನು ಒಂದು ಬದಿಗೆ ತುಸು ಬಾಗಿಸುವುದು; ಬೆನ್ನಿಗೆ ನಿಂತ ರಕ್ಷಕನ ಮೈಭಾರ ಆ ಕಡೆಗೆ ಹೊರಳಿದ ಕ್ಷಣದಲ್ಲೇ ಇನ್ನೊಂದು ಕಾಲ ಮೇಲೆ ತಿರುಗಿ ಎದುರು ದಿಕ್ಕಿಗೆ ಹೋಗುವುದು; ಅವನು ಚೇತರಿಸಿಕೊಂಡು ಬಂದರೆ ಚೆಂಡನ್ನು ಎತ್ತಿದಂತೆ ಮಾಡಿ, ಅವನು ಹಾರಿದೊಡನೆ ಅವನ ತೋಳಿನಡಿ ನುಸುಳಿ ಹಾಕುವುದು. ಒಂದು ಚಲನೆಗೆ ಇನ್ನೊಂದು, ಅದಕ್ಕೆ ಮತ್ತೊಂದು. ಎಲ್ಲದರ ಕೀಲಿ ರಕ್ಷಕನ ಪಾದ ಯಾವ ಕಡೆಗಿದೆ ಎಂಬುದನ್ನು ಬೆನ್ನಿನಿಂದಲೇ ಅರಿಯುವುದು.

ಹಕೀಮ್ ಇದನ್ನು ಬಿಡಿಬಿಡಿಯಾಗಿ ಹೇಳಿಕೊಡಬಲ್ಲರು. ಏಕೆಂದರೆ ಅವರು ಇದನ್ನು ಬಿಡಿಬಿಡಿಯಾಗಿಯೇ ಕಟ್ಟಿಕೊಂಡವರು ಎಂದು ನನ್ನ ಊಹೆ. ಲಾಗೋಸ್‌ನಲ್ಲಿ ಬೆಳೆದ ಹುಡುಗ; ಫುಟ್‌ಬಾಲ್ ಗೋಲ್‌ಕೀಪರ್, ಹ್ಯಾಂಡ್‌ಬಾಲ್ ಆಟಗಾರ. ಬ್ಯಾಸ್ಕೆಟ್‌ಬಾಲ್ ಹಿಡಿದದ್ದು ಹದಿನೈದರ ಹೊತ್ತಿಗೆ. ಎಳವೆಯಲ್ಲಿ ಕಲಿತದ್ದನ್ನು ಹೇಗೆ ಕಲಿತೆವೆಂದು ನಮಗೆ ನೆನಪಿರುವುದಿಲ್ಲ. ತಡವಾಗಿ ಕಲಿತವನಿಗೆ ಪ್ರತಿ ಮೆಟ್ಟಿಲೂ ನೆನಪಿರುತ್ತದೆ. ಪ್ರತಿಭಾವಂತನಿಗೆ ವಿವರಿಸಲು ಬಾರದು ಎಂಬ ಹಳೆಯ ಮಾತು ಹಕೀಮ್ ಅವರ ಮುಂದೆ ನಿಲ್ಲುವುದಿಲ್ಲ.

ಫಲಿತಾಂಶ ಒಂದೇ ಬಗೆಯದಾಗಿರಲಿಲ್ಲ. ಹವರ್ಡ್ ಮುಂದಿನ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 22.9 ಪಾಯಿಂಟ್ ಗಳಿಸಿದರು. ಅದು ಅವರ ಆಟದ ಬದುಕಿನಲ್ಲೇ ಅತಿ ಹೆಚ್ಚು. ಆದರೂ ಆ ಮೃದುವಾದ ತಿರುವು ಅವರ ಮೈಗೆ ಪೂರ್ತಿ ಹತ್ತಲಿಲ್ಲ. ಲೆಬ್ರಾನ್ ವಿಷಯ ಬೇರೆ. 2011ರ ಫೈನಲ್‌ನಲ್ಲಿ ಡಾಲಸ್ ವಿರುದ್ಧ ಒಂದು ಪಂದ್ಯದಲ್ಲಿ ಅವರು ಗಳಿಸಿದ್ದು ಎಂಟೇ ಪಾಯಿಂಟ್. ತನಗಿಂತ ಗಿಡ್ಡ ಆಟಗಾರರು ಅಡ್ಡ ನಿಂತಾಗಲೂ ರಿಂಗಿನ ಹತ್ತಿರ ನಿಂತು ಅವರನ್ನು ದಂಡಿಸುವ ಉಪಾಯ ಲೆಬ್ರಾನ್ ಬಳಿ ಇರಲಿಲ್ಲ. ಹಕೀಮ್ ಬಳಿ ಹೋಗಿ ಬಂದ ಮುಂದಿನ ವರ್ಷ ಅವರು ರಿಂಗಿಗೆ ಬೆನ್ನು ಮಾಡಿ ಆಡುವುದು ಎದ್ದು ಕಾಣುವಷ್ಟು ಹೆಚ್ಚಿತು. 2012ರಲ್ಲಿ ಅವರ ತಂಡ ಮಯಾಮಿ ಹೀಟ್ ಪ್ರಶಸ್ತಿ ಗೆದ್ದಿತು, ಫೈನಲ್‌ನ ಶ್ರೇಷ್ಠ ಆಟಗಾರ ಲೆಬ್ರಾನ್.

ಆದರೆ ಕಲಿತ ಹೆಜ್ಜೆ ಇಡಲು ಜಾಗ ಬೇಕಲ್ಲ? ಆ ಜಾಗ ಮಾಡಿಕೊಟ್ಟವರು ಆಗ ಹೀಟ್‌ನ ಮುಖ್ಯ ಕೋಚ್ ಆಗಿದ್ದ ಸ್ಪೋಲ್‌ಸ್ಟ್ರಾ. ಅವರು ಎತ್ತರದ ಸಾಂಪ್ರದಾಯಿಕ ಸೆಂಟರ್ ಬಿಟ್ಟು ಕ್ರಿಸ್ ಬಾಷ್ ಅವರನ್ನು ಆ ಸ್ಥಾನಕ್ಕೆ ತಂದರು, ಶೂಟರ್‌ಗಳನ್ನು ಅಂಚಿಗೆ ಹರಡಿದರು, ನಡುವಿನ ಖಾಲಿಯನ್ನು ಲೆಬ್ರಾನ್‌ಗೆ ಬಿಟ್ಟರು. ಹೆಜ್ಜೆ ಕೊಟ್ಟದ್ದು ಮಹಾನ್ ಆಟಗಾರ, ಜಾಗ ಕೊಟ್ಟದ್ದು ವಿಡಿಯೊ ಕೋಣೆಯಿಂದ ಬಂದ ಕೋಚ್. ಒಬ್ಬರ ಕೆಲಸ ಇನ್ನೊಬ್ಬರಿಂದ ಆಗುತ್ತಿತ್ತೆಂದು ನನಗನ್ನಿಸುವುದಿಲ್ಲ. ಹಾಗೆಂದು ಎನ್‌ಬಿಎಯಲ್ಲಿ ಆಡದವರು ಕೌಶಲ ಕಲಿಸಲಾರರು ಎಂದೇನಲ್ಲ. ಇದೇ ಸ್ಪೋಲ್‌ಸ್ಟ್ರಾ 2004ರ ಒಲಿಂಪಿಕ್ಸ್ ನಂತರ ಡ್ವೇನ್ ವೇಡ್ ಅವರ ಶಾಟ್ ತಿದ್ದಿದವರು.

ತಾರೆಯೊಬ್ಬ ವರ್ಷಗಟ್ಟಲೆ ಸಹಾಯಕನಾಗಿ ದುಡಿದು ಮೇಲೆ ಬಂದರೆ ಸಾಕಲ್ಲವೆ ಎನ್ನುವವರಿಗೆ ಪ್ಯಾಟ್ರಿಕ್ ಯೂಯಿಂಗ್ ಅವರ ಉದಾಹರಣೆ ಕಸಿವಿಸಿ ಮಾಡುತ್ತದೆ. ಎನ್‌ಬಿಎ ತಂಡಗಳಲ್ಲಿ ದೀರ್ಘಕಾಲ ಸಹಾಯಕರಾಗಿದ್ದು 2017ರಲ್ಲಿ ಅವರು ತಾವು ಓದಿದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕೋಚ್ ಆದರು. 2021ರಲ್ಲಿ ಬಿಗ್ ಈಸ್ಟ್ ಟೂರ್ನಿ ಗೆದ್ದರು. ಮುಂದಿನ ಋತುವಿನಲ್ಲಿ ಅದೇ ಲೀಗಿನ ಹತ್ತೊಂಬತ್ತು ಪಂದ್ಯಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. 2023ರಲ್ಲಿ ಕೆಲಸ ಹೋಯಿತು. ಕಾಲೇಜು ಕೋಚ್‌ನ ಅರ್ಧ ದುಡಿಮೆ ಶಾಲಾ ಹುಡುಗರನ್ನು ಹುಡುಕಿ ಒಲಿಸಿ ತರುವುದು, ಬಂದವರು ಬೇರೆ ಕಾಲೇಜಿಗೆ ಹಾರದಂತೆ ಹಿಡಿದಿಡುವುದು. ಎನ್‌ಬಿಎ ಬೆಂಚಿನ ಅನುಭವ ಅದಕ್ಕೆ ನೆರವಾಗುವುದಿಲ್ಲ. ತರಬೇತಿ ಬೇಕು, ನಿಜ. ಆದರೆ ಅದು ಮಾಡಲಿರುವ ಕೆಲಸದಲ್ಲೇ ಆಗಬೇಕು. ಕನ್ನಡಿಗರಿಗೆ ಇಲ್ಲಿ ರಾಹುಲ್ ದ್ರಾವಿಡ್ ನೆನಪಾಗದೆ ಇರರು. ಹತ್ತೊಂಬತ್ತರೊಳಗಿನವರ ತಂಡ, ಭಾರತ ‘ಎ’ ತಂಡ, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ, ಇವೆಲ್ಲ ದಾಟಿದ ಮೇಲೆ 2021ರಲ್ಲಿ ಅವರು ಹಿರಿಯರ ತಂಡಕ್ಕೆ ಕೋಚ್ ಆಗಿ ಬಂದದ್ದು. 2018ರ ಕಿರಿಯರ ವಿಶ್ವಕಪ್ ಗೆದ್ದ ಶುಭಮನ್ ಗಿಲ್ ಅವರಂಥವರು ಹಿರಿಯರ ತಂಡದಲ್ಲಿ ಮತ್ತೆ ಅವರ ಕೈಗೇ ಸಿಕ್ಕರು.

ಹಳಬರ ವಿದ್ಯೆ ಇಂದಿನ ಆಟಕ್ಕೆ ಹೊಂದುವುದೇ ಇಲ್ಲ ಎಂಬ ಆಕ್ಷೇಪವೂ ಇದೆ. ಮೂರು ಪಾಯಿಂಟ್ ಗೆರೆ ಬಂದ 1979-80ರಲ್ಲಿ ಒಂದು ತಂಡ ಪಂದ್ಯಕ್ಕೆ ಮೂರರಷ್ಟೂ ಅಂಥ ಶಾಟ್ ಎತ್ತುತ್ತಿರಲಿಲ್ಲ; ಈಗ ಮೂವತ್ತೈದು ದಾಟಿದೆ. ಹಳಬರು ಟಿವಿಯಲ್ಲಿ ಕುಳಿತು ಈಗಿನ ಹುಡುಗರನ್ನು ಹಳಿಯುವುದನ್ನು ಕೇಳಿದರೆ ಈ ಆಕ್ಷೇಪ ನನಗೂ ಸರಿಯೆನಿಸುತ್ತದೆ. ಆದರೆ ಪಾದದ ವಿದ್ಯೆ ಹಳತಾಗಿಲ್ಲ. ಕ್ಯಾಮರೂನಿನಲ್ಲಿ ಹದಿನೈದರಲ್ಲಿ ಆಟ ಶುರುಮಾಡಿದ ಜೋಯೆಲ್ ಎಂಬೀಡ್ ಹಕೀಮ್ ಅವರ ವಿಡಿಯೊ ನೋಡಿ ನೋಡಿ ಕಲಿತು 2023ರಲ್ಲಿ ಎನ್‌ಬಿಎಯ ಅತಿ ಮೌಲ್ಯಯುತ ಆಟಗಾರ ಎನಿಸಿಕೊಂಡರು.

ಇಷ್ಟಾದರೂ ಎನ್‌ಬಿಎ ತಂಡಗಳು ಈ ಬಗೆಯ ಕಲಿಕೆಯನ್ನು ಬೇಸಿಗೆಯ ಖಾಸಗಿ ಪಾಠವಾಗಿಯೇ ಉಳಿಸಿವೆ ಎಂಬುದು ನನ್ನ ದೊಡ್ಡ ತಕರಾರು. ಕರೀಮ್ ಅಬ್ದುಲ್-ಜಬ್ಬಾರ್ ಅವರನ್ನೇ ನೋಡಿ. ಎನ್‌ಬಿಎ ದಾಖಲೆಯ 38,387 ಪಾಯಿಂಟ್ ಗಳಿಸಿ 1989ರಲ್ಲಿ ನಿವೃತ್ತರಾದವರು. ಆ ದಾಖಲೆ ಮುರಿದದ್ದು 2023ರಲ್ಲಿ. ಒಂದೇ ಕೈಯನ್ನು ಮೇಲಕ್ಕೆ ಚಾಚಿ ತಲೆಯ ಮೇಲಿಂದ ಹಾಕುವ, ತಡೆಯಲಾಗದ ಅವರ ಸ್ಕೈಹುಕ್ ಶಾಟ್ ಕಲಿಸಲಾಗದ್ದೇನೂ ಅಲ್ಲ. ಜೊತೆಗಾರ ಮ್ಯಾಜಿಕ್ ಜಾನ್ಸನ್ ಅಭ್ಯಾಸದಲ್ಲಿ ಅವರಿಂದಲೇ ಅದರ ಚಿಕ್ಕ ರೂಪ ಕಲಿತು, 1987ರ ಫೈನಲ್‌ನ ನಾಲ್ಕನೇ ಪಂದ್ಯವನ್ನು ಬಾಸ್ಟನ್‌ನಲ್ಲಿ ಒಂದೇ ಪಾಯಿಂಟ್‌ನಿಂದ ಗೆಲ್ಲಿಸಿದರು. ಕೋಚಿಂಗ್ ಮಾಡುವ ಆಸೆಯಿಂದ ಕರೀಮ್ ಅರಿಜೋನಾದ ಅಪಾಚೆ ಜನರ ನೆಲೆಯಲ್ಲಿ ಪ್ರೌಢಶಾಲೆಯ ಹುಡುಗರಿಗೆ ಕಲಿಸಿದರು. 2002ರಲ್ಲಿ ಒಕ್ಲಹಾಮಾದ ಸಣ್ಣ ಲೀಗಿನ ತಂಡವೊಂದನ್ನು ಗೆಲ್ಲಿಸಿದರು. ಎನ್‌ಬಿಎ ತಂಡವೊಂದೂ ಅವರಿಗೆ ಮುಖ್ಯ ಕೋಚ್ ಹುದ್ದೆ ಕೊಡಲಿಲ್ಲ. 2005ರಲ್ಲಿ ಲೇಕರ್ಸ್ ಅವರನ್ನು ಕರೆದದ್ದು ಹದಿನೇಳರ ಆಂಡ್ರ್ಯೂ ಬೈನಮ್ ಅವರನ್ನು ತಿದ್ದಲು. ಆ ಹುಡುಗ 2012ರಲ್ಲಿ ಆಲ್-ಸ್ಟಾರ್ ಆದ. ಮುಖ್ಯ ಕೋಚ್ ಆಗಿದ್ದರೆ ಕರೀಮ್ ಗೆಲ್ಲುತ್ತಿದ್ದರೋ ಇಲ್ಲವೋ, ಆ ವಾದ ನನಗೆ ದೊಡ್ಡದಲ್ಲ. ಎತ್ತರದ ಹುಡುಗರನ್ನು ಆರಿಸಿಕೊಳ್ಳುವ ಪ್ರತಿ ತಂಡವೂ ಇಂಥವರೊಬ್ಬರನ್ನು ಬೆಂಚಿನ ಗೊಡವೆ, ಸೋಲು-ಗೆಲುವಿನ ಲೆಕ್ಕ ಅಂಟಿಸದೆ, ದಿನಕ್ಕೊಂದು ಗಂಟೆ, ಎರಡು-ಮೂರು ವರ್ಷದ ಮಟ್ಟಿಗೆ, ಸರಿಯಾದ ಸಂಬಳ ಕೊಟ್ಟು ಇಟ್ಟುಕೊಳ್ಳಬೇಕು.