ಅಂಕ ಕೊಡುವ ಕೈ

ನನ್ನ ತಂಗಿಯ ಮಗ ಪಿಯುಸಿ ಓದುತ್ತಿದ್ದಾನೆ. ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ನೆಂಟರಿಷ್ಟರು ಕೊಟ್ಟ ಹಣವನ್ನು ಅಮ್ಮನ ಕೈಗೆ ಕೊಡದೆ ನನ್ನ ಹತ್ತಿರ ತಂದಿಡುತ್ತಾನೆ. ಅಮ್ಮನ ಹತ್ತಿರ ಇಟ್ಟರೆ ಅದು ಗ್ಯಾಸ್ ಸಿಲಿಂಡರಿಗೆ ಹೋಗಿಬಿಡುತ್ತದೆ ಎಂಬುದು ಅವನ ಅನುಭವ. ದಸರಾ ರಜೆಗೆ ಬಂದವನು, “ದೊಡ್ಡಮ್ಮ, ನನ್ನ ಲೆಕ್ಕದಲ್ಲಿ ಎಷ್ಟಾಗಿದೆ ನೋಡಿ” ಎಂದ. ಪುಸ್ತಕ ತೆಗೆದು ನೋಡಿದೆ. 5,200 ರೂಪಾಯಿ. ಅದರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಒಂದು ವಿಡಿಯೋ ಗೇಮಿಗೆ ಸುರಿಯುವುದು ಅವನ ಯೋಚನೆ. ಆಟ ಇನ್ನೂ ಬಿಡುಗಡೆಯಾಗಿರಲಿಲ್ಲ. ಮುಂಗಡವಾಗಿ ದುಡ್ಡು ಕಟ್ಟಬೇಕಂತೆ.

“ಇನ್ನೂ ಹೊರಗೇ ಬಾರದ ಆಟ ಚೆನ್ನಾಗಿದೆ ಅಂತ ನಿನಗೆ ಹೇಗೆ ಗೊತ್ತು?” ಎಂದೆ.

“ವಿಮರ್ಶಕರೆಲ್ಲ ಬರೆದಾಗಿದೆ ದೊಡ್ಡಮ್ಮ. ನೂರಕ್ಕೆ 91!”

ಮೂವತ್ತು ವರ್ಷ ಅಂಕ ಕೊಡುವುದನ್ನೇ ಕಸುಬು ಮಾಡಿಕೊಂಡವಳು ನಾನು. ಅಂಕ ಎಂದೊಡನೆ ಕೆಲವು ಪ್ರಶ್ನೆಗಳು ತಾವಾಗಿ ಬಾಯಿಗೆ ಬರುತ್ತವೆ. ಪ್ರಶ್ನೆಪತ್ರಿಕೆ ತೆಗೆದವರು ಯಾರು? ತಿದ್ದಿದವರು ಯಾರು? ತಿದ್ದಲು ಎಷ್ಟು ಸಮಯ ಕೊಟ್ಟಿದ್ದರು? ಹುಡುಗ ತಬ್ಬಿಬ್ಬಾದ. “ಅದೆಲ್ಲ ಯಾರು ನೋಡ್ತಾರೆ?” ಎಂದ. ಸರಿ, ಇಬ್ಬರೂ ಸೇರಿ ನೋಡೋಣವೆಂದು ಮೂರು ಸಂಜೆ ಕುಳಿತೆವು. ಅವನು ಫೋನಿನಲ್ಲಿ ಹುಡುಕಿ ಕೊಟ್ಟ, ನಾನು ಕನ್ನಡಕ ಏರಿಸಿಕೊಂಡು ಓದಿದೆ. ಮಕ್ಕಳ ಕೈಯಲ್ಲಿ ಇಂಥ ಆಟಗಳನ್ನು ಕಂಡು ಬೈಯುವ ತಾಯಂದಿರಿಗೂ, ಬೈದು ಸೋತು ದುಡ್ಡು ಕೊಡುವ ತಾಯಂದಿರಿಗೂ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ದೊಡ್ಡ ಬಂಡವಾಳದ ವಿಡಿಯೋ ಗೇಮ್ ಎಂದರೆ ಈಗ ಒಂದು ಭಾರೀ ಸಿನಿಮಾ ಇದ್ದ ಹಾಗೆ. ನೂರಾರು ಜನ ವರ್ಷಗಟ್ಟಲೆ ದುಡಿಯುತ್ತಾರೆ, ನೂರಾರು ಕೋಟಿ ಖರ್ಚಾಗುತ್ತದೆ. ಬಿಡುಗಡೆಗೆ ಕೆಲವು ದಿನ ಮೊದಲು ಕಂಪನಿ ವಿಮರ್ಶಕರಿಗೆ ಪ್ರತಿ ಕಳಿಸುತ್ತದೆ. ಅವರು ಆಡಿ, ಬರೆದು, ಅಂಕ ಕೊಡುತ್ತಾರೆ. ಮೆಟಾಕ್ರಿಟಿಕ್ ಎಂಬ ಅಮೆರಿಕದ ಜಾಲತಾಣ 2001ರಿಂದ ಈ ಅಂಕಗಳನ್ನು ಒಟ್ಟುಗೂಡಿಸುತ್ತ ಬಂದಿದೆ. ಒಬ್ಬರು ಹತ್ತಕ್ಕೆ ಕೊಡಲಿ, ಇನ್ನೊಬ್ಬರು ಐದು ನಕ್ಷತ್ರಕ್ಕೆ ಕೊಡಲಿ, ಎಲ್ಲವನ್ನೂ ನೂರಕ್ಕೆ ಪರಿವರ್ತಿಸಿ ಸರಾಸರಿ ತೆಗೆಯುತ್ತದೆ. ಕೆಲವು ಪತ್ರಿಕೆಗಳ ಅಂಕಕ್ಕೆ ಹೆಚ್ಚು ತೂಕ, ಕೆಲವಕ್ಕೆ ಕಡಿಮೆ. ಯಾವುದಕ್ಕೆ ಎಷ್ಟೆಂಬುದನ್ನು ಮಾತ್ರ ಹೊರಗೆ ಹೇಳುವುದಿಲ್ಲ.

ಇಲ್ಲಿಯೇ ನನಗೊಂದು ತಮಾಷೆ ಕಂಡಿತು. ಅದೇ ತಾಣದಲ್ಲಿ ಸಿನಿಮಾಗಳಿಗೂ ಅಂಕ ಉಂಟು. ಸಿನಿಮಾಕ್ಕೆ 61 ಬಂದರೆ ಹಸಿರು ಬಣ್ಣ, ಅಂದರೆ ಚೆನ್ನಾಗಿದೆ ಎಂದು. ಆಟಕ್ಕೆ ಹಸಿರು ಸಿಗಬೇಕಾದರೆ 75 ಮುಟ್ಟಬೇಕು. 70 ಬಂದರೆ ಹಳದಿ. ಒಂದೇ ಮನೆಯಲ್ಲಿ ಎರಡು ಸೇರು! ಆಟದ ವಿಮರ್ಶಕರ ಕೈ ಎಷ್ಟು ಧಾರಾಳವೆಂಬುದನ್ನು ಅಳತೆ ಮಾಡುವವರೇ ಒಪ್ಪಿಕೊಂಡ ಹಾಗಾಯಿತಲ್ಲ. ಈ ಲೋಕದಲ್ಲಿ ಹತ್ತಕ್ಕೆ ಏಳು ಎಂದರೆ ಬಹುಮಟ್ಟಿಗೆ ‘ಪಾಪ, ಪಾಸಾಯಿತು’ ಎಂದರ್ಥ. 90 ಕಂಡು ಬೆರಗಾಗುವ ಮೊದಲು ಇದು ತಿಳಿದಿರಬೇಕು.

ಇನ್ನು ಪ್ರಶ್ನೆಪತ್ರಿಕೆಯ ಮಾತು. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಎಂಬ ಕಂಪನಿ 2020ರ ಡಿಸೆಂಬರ್ 10ರಂದು ‘ಸೈಬರ್‌ಪಂಕ್ 2077’ ಎಂಬ ಆಟವನ್ನು ಬಿಡುಗಡೆ ಮಾಡಿತು. ಹಾಲಿವುಡ್ಡಿನ ಕಿಯಾನು ರೀವ್ಸ್ ಕೂಡ ಅದರಲ್ಲಿ ಒಂದು ಪಾತ್ರ. ಬಿಡುಗಡೆಗೆ ಮೊದಲೇ 80 ಲಕ್ಷ ಪ್ರತಿಗಳಿಗೆ ಜನ ಮುಂಗಡ ಕಟ್ಟಿದ್ದರು. ಡಿಸೆಂಬರ್ 7ರಂದು ವಿಮರ್ಶೆಗಳು ಹೊರಬಂದವು. ಸರಾಸರಿ 90ರ ಆಸುಪಾಸು. ಆದರೆ ಆ ವಿಮರ್ಶಕರಿಗೆ ಕಂಪನಿ ಕಳಿಸಿದ್ದು ಕಂಪ್ಯೂಟರಿನಲ್ಲಿ ಆಡುವ ಪ್ರತಿಯನ್ನು ಮಾತ್ರ. ಸಾಮಾನ್ಯ ಮನೆಗಳಲ್ಲಿ ಇರುವ ಹಳೆಯ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಯಂತ್ರಗಳ ಪ್ರತಿಯನ್ನು ಆ ವಿಮರ್ಶೆಗಳು ಹೊರಬರುವ ಮೊದಲು ಅವರಿಗೆ ಕೊಡಲೇ ಇಲ್ಲ. ತಾವು ಆಡಿದ್ದನ್ನು ವಿಡಿಯೋದಲ್ಲಿ ತೋರಿಸುವ ಹಾಗೂ ಇರಲಿಲ್ಲ. ಕಂಪನಿ ಕೊಟ್ಟ ದೃಶ್ಯಗಳನ್ನೇ ಬಳಸಬೇಕೆಂಬ ಕರಾರಿತ್ತು.

ದುಡ್ಡು ಕೊಟ್ಟವರು ಹಳೆಯ ಯಂತ್ರಕ್ಕೆ ಹಾಕಿದಾಗ ಆಟ ತಡವರಿಸಿತು, ಚಿತ್ರ ಮಸುಕಾಯಿತು, ನಡುನಡುವೆ ನಿಂತೇಹೋಯಿತು. ಪ್ಲೇಸ್ಟೇಷನ್ 4ರ ಪ್ರತಿಗೆ ಆಮೇಲೆ ಸಿಕ್ಕ ಸರಾಸರಿ 60ಕ್ಕೂ ಕೆಳಗೆ. ವಾರ ಕಳೆಯುವಷ್ಟರಲ್ಲಿ ಸೋನಿ ಕಂಪನಿ ತನ್ನ ಪ್ಲೇಸ್ಟೇಷನ್ ಅಂಗಡಿಯಿಂದ ಆಟವನ್ನು ತೆಗೆದುಹಾಕಿ, ಕೊಂಡವರಿಗೆ ಹಣ ವಾಪಸು ಕೊಡುವುದಾಗಿ ಹೇಳಿತು. ಮತ್ತೆ ಅದು ಅಲ್ಲಿ ಮಾರಾಟಕ್ಕೆ ಬಂದದ್ದು 2021ರ ಜೂನ್‌ನಲ್ಲಿ. ತಯಾರಿಸಿದವರು ಕ್ಷಮೆ ಕೇಳಿದರು. ವರ್ಷಗಟ್ಟಲೆ ದುರಸ್ತಿ ಮಾಡಿ ಆಟವನ್ನು ಒಂದು ಹದಕ್ಕೂ ತಂದರು. ಅದು ಬೇರೆ ಮಾತು.

ಹಾಗಾದರೆ ವಿಮರ್ಶಕರು ಸುಳ್ಳು ಬರೆದರೇ? ಇಲ್ಲ. ತಾವು ಕಂಪ್ಯೂಟರಿನಲ್ಲಷ್ಟೇ ಆಡಿದ್ದೆಂದು ಹಲವರು ಸ್ಪಷ್ಟವಾಗಿ ಬರೆದಿದ್ದರು. ಆದರೆ ಆ ವಾಕ್ಯ ಸರಾಸರಿಯೊಳಗೆ ಸೇರುವುದಿಲ್ಲವಲ್ಲ! ಅಂಕವೊಂದೇ ಊರೂರು ಸುತ್ತಿತು, ವಾಕ್ಯ ಮನೆಯಲ್ಲೇ ಉಳಿಯಿತು. ನಮ್ಮ ಪಬ್ಲಿಕ್ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆಯ ಕಟ್ಟನ್ನು ಪರೀಕ್ಷೆಯ ಹೊತ್ತಿಗೇ ಒಡೆಯುತ್ತೇವೆ, ಉತ್ತರಪತ್ರಿಕೆಯ ಮೇಲೆ ಮಗುವಿನ ಹೆಸರು ತಿದ್ದುವವರಿಗೆ ಕಾಣುವುದಿಲ್ಲ. ಇಲ್ಲಿ ವಿದ್ಯಾರ್ಥಿಯೇ ತನಗೆ ಬರುವ ಪ್ರಶ್ನೆ ಆರಿಸಿಕೊಂಡು, ತಿದ್ದುವವರನ್ನೂ ಕರೆಸಿಕೊಂಡು, ಫಲಿತಾಂಶದ ದಿನವನ್ನೂ ತಾನೇ ಗೊತ್ತುಮಾಡುತ್ತಾನೆ. ಮೌಲ್ಯಮಾಪಕರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಆ ಅಂಕಕ್ಕೆ ಏನು ಬೆಲೆ?

ಅದೇ ವಾರದ ಇನ್ನೆರಡು ಸಂಗತಿಗಳು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿವೆ. ಒಬ್ಬ ವಿಮರ್ಶಕಿ ಈ ಆಟಕ್ಕೆ ಹತ್ತಕ್ಕೆ ಏಳು ಕೊಟ್ಟಳು. ಆಟವನ್ನು ಕಣ್ಣಿನಿಂದಲೂ ನೋಡಿರದ ಜನ ಅವಳ ಮೇಲೆ ಬೈಗುಳದ ಮಳೆ ಸುರಿಸಿದರು. ಇನ್ನೊಬ್ಬಾಕೆ, ಆಟದ ಒಂದು ಭಾಗದಲ್ಲಿ ಮಿಂಚುವ ಬೆಳಕಿನಿಂದ ತನಗೆ ಫಿಟ್ಸ್ ಬಂತೆಂದೂ, ಆ ಕಾಯಿಲೆ ಇರುವವರು ಎಚ್ಚರವಾಗಿರಬೇಕೆಂದೂ ಬರೆದಳು. ಅವಳನ್ನೂ ಬಿಡಲಿಲ್ಲ, ಮಿಂಚುವ ದೃಶ್ಯಗಳನ್ನೇ ಕಳಿಸಿ ಪೀಡಿಸಿದವರಿದ್ದರು. ಕಂಪನಿ ಮಾತ್ರ ಅವಳ ಮಾತಿಗೆ ಕಿವಿಗೊಟ್ಟು ಎಚ್ಚರಿಕೆಯ ಸೂಚನೆ ಹಾಕಿತು, ಆ ಬೆಳಕನ್ನು ತಗ್ಗಿಸಿತು. ಒಂದು ಮಗುವನ್ನು ಕಾಪಾಡಬಲ್ಲ ಮಾತು ಆಕೆಯ ಬರಹದಲ್ಲಿತ್ತು. 90 ಎಂಬ ಅಂಕದಲ್ಲಿ ಅದಕ್ಕೆ ಜಾಗವೆಲ್ಲಿ?

“ವಿಮರ್ಶಕರಿಗೆ ಲಂಚ ಕೊಡ್ತಾರಂತೆ ದೊಡ್ಡಮ್ಮ, ನಮ್ಮ ಹುಡುಗರು ಹೇಳ್ತಾರೆ” ಎಂದ ನನ್ನ ಮಗರಾಯ. ಲಂಚ ಎಂಬುದು ಸುಲಭದ ಉತ್ತರ. ಒತ್ತಡ ಇರುವುದಂತೂ ನಿಜ. 2007ರ ನವೆಂಬರಿನಲ್ಲಿ ಗೇಮ್‌ಸ್ಪಾಟ್ ಎಂಬ ಅಮೆರಿಕದ ತಾಣದ ಸಂಪಾದಕ ಜೆಫ್ ಗರ್ಸ್ಟ್‌ಮನ್ ಕೆಲಸ ಕಳೆದುಕೊಂಡ. ‘ಕೇನ್ ಆ್ಯಂಡ್ ಲಿಂಚ್’ ಎಂಬ ಆಟಕ್ಕೆ ಅವನು ಹತ್ತಕ್ಕೆ ಆರು ಕೊಟ್ಟಿದ್ದ. ಅದೇ ಆಟದ ಜಾಹೀರಾತು ಅದೇ ತಾಣದ ತುಂಬ ರಾರಾಜಿಸುತ್ತಿತ್ತು. ಇಂಥ ಅಂಕಗಳಿಂದ ಜಾಹೀರಾತುದಾರರು ಸಿಟ್ಟಾದದ್ದೂ ತನ್ನನ್ನು ತೆಗೆಯಲು ಕಾರಣವೆಂದು ಅವನು 2012ರಲ್ಲಿ ಬಹಿರಂಗವಾಗಿ ಹೇಳಿದ. ಅಂಕ ಕೆಲಸಗಾರರ ಹೊಟ್ಟೆಗೂ ತಗಲುತ್ತದೆ. 2010ರಲ್ಲಿ ಬಂದ ‘ಫಾಲ್‌ಔಟ್: ನ್ಯೂ ವೇಗಾಸ್’ ಆಟವನ್ನು ತಯಾರಿಸಿದ ಒಬ್ಸಿಡಿಯನ್ ಸಂಸ್ಥೆಗೆ, ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಹೆಚ್ಚಿನ ಹಣ ಎಂಬ ಒಪ್ಪಂದವಿತ್ತು. ಬಂದದ್ದು 84. ಒಂದೇ ಒಂದು ಅಂಕಕ್ಕೆ ಆ ಹಣ ತಪ್ಪಿತು. ತನ್ನ ಅಂಕಕ್ಕೆ ಇಂಥ ಭಾರವಿದೆಯೆಂದು ಬಲ್ಲ ವಿಮರ್ಶಕನ ಕೈ ಹಗುರವಾಗಿ ಓಡೀತೇ?

ಆದರೆ ಅಂಕ ಏರಲು ಇಷ್ಟೆಲ್ಲ ಒತ್ತಡವೂ ಬೇಡ. ಅದು ನನಗೆ ಚೆನ್ನಾಗಿ ಗೊತ್ತು. ನಾನು ಕಲಿಸುವ ಸಮಾಜ ವಿಜ್ಞಾನದಲ್ಲಿ, ಎಸ್ಸೆಸ್ಸೆಲ್ಸಿಗೆ 80 ಅಂಕ ಪರೀಕ್ಷೆಗೆ, 20 ಅಂಕ ಶಾಲೆಯಲ್ಲೇ ಕೊಡುವ ಆಂತರಿಕ ಮೌಲ್ಯಮಾಪನಕ್ಕೆ. ಈ 20ರಲ್ಲಿ ನಾನು ಯಾರಿಗೂ 17ಕ್ಕಿಂತ ಕಡಿಮೆ ಕೊಟ್ಟ ನೆನಪಿಲ್ಲ. ಮುಖ್ಯೋಪಾಧ್ಯಾಯರು ಹೇಳಿದ್ದಲ್ಲ, ಪೋಷಕರು ಕೇಳಿದ್ದಲ್ಲ. ಪಕ್ಕದ ಶಾಲೆಯವರು ಕೊಡುವಾಗ ನಮ್ಮ ಮಕ್ಕಳಿಗೇಕೆ ನಷ್ಟ ಎಂಬ ಒಂದೇ ಯೋಚನೆ ಸಾಕಾಗಿತ್ತು. ಒಂದು ವರ್ಷ, ಊರ ಕೆರೆಯನ್ನು ಸುತ್ತಿ, ಹಿರಿಯರನ್ನು ಮಾತಾಡಿಸಿ, ಸ್ವಂತ ಕೈಯಿಂದ ನಕಾಶೆ ಬರೆದು ತಂದ ಹುಡುಗಿಗೆ 19 ಕೊಟ್ಟೆ. ಅಂಗಡಿಯಿಂದ ಚಿತ್ರ ತಂದು ಅಂಟಿಸಿದ ಹುಡುಗನಿಗೆ 18. ಆ ಹುಡುಗಿ ಪಟ್ಟಿ ನೋಡಿ, “ಒಂದೇ ಅಂಕವಾ ಮಿಸ್?” ಎಂದಳು. ನಾನು ಉತ್ತರ ಕೊಡಲಿಲ್ಲ.

ಅಂಕ ಉಬ್ಬಿದರೆ ದಡ್ಡನಿಗೆ ಲಾಭವಾಯಿತೆಂದು ನಾವು ಗೊಣಗುತ್ತೇವೆ. ನಿಜವಾಗಿ ಮೋಸ ಹೋಗುವುದು ಆ ಹುಡುಗಿ. ಅವಳ ಶ್ರಮಕ್ಕೆ ನಿಲ್ಲಲು ಜಾಗವೇ ಉಳಿಯುವುದಿಲ್ಲ. ಆಟಗಳಲ್ಲೂ ಹಾಗೆಯೇ. ಎಲ್ಲಕ್ಕೂ 80, 90 ಬಂದರೆ, ನಿಜವಾಗಿ ಹೊಸದನ್ನು ಮಾಡಿದವರನ್ನು ಗುರುತಿಸುವುದು ಹೇಗೆ?

ವಿಮರ್ಶಕರು ಬೇಡ, ಆಡಿದ ಜನರೇ ಅಂಕ ಕೊಡಲಿ ಎನ್ನುವವರೂ ಇದ್ದಾರೆ. 2020ರ ಜೂನ್ 19ರಂದು ‘ದಿ ಲಾಸ್ಟ್ ಆಫ್ ಅಸ್’ನ ಎರಡನೆಯ ಭಾಗ ಬಂತು. ವಿಮರ್ಶಕರ ಸರಾಸರಿ 93. ಆಡಿ ಮುಗಿಸಲು 20 ಗಂಟೆಗೂ ಹೆಚ್ಚು ಬೇಕಾದ ಆ ಆಟಕ್ಕೆ ಕೆಲವೇ ಗಂಟೆಗಳಲ್ಲಿ ಸಾವಿರಾರು ಜನ ಸೊನ್ನೆ ಸುತ್ತಿದರು. ಕೊನೆಗೆ ಮೆಟಾಕ್ರಿಟಿಕ್, ಬಿಡುಗಡೆಯಾಗಿ 36 ಗಂಟೆ ಕಳೆಯುವವರೆಗೆ ಜನರ ಅಂಕ ಸ್ವೀಕರಿಸುವುದಿಲ್ಲ ಎಂಬ ನಿಯಮ ಮಾಡಬೇಕಾಯಿತು. ಪತ್ರಿಕೆಯನ್ನು ಬಿಡಿಸದೆ ಸೊನ್ನೆ ಕೊಡುವವನು, ಬಿಡಿಸದೆ ನೂರು ಕೊಡುವವನ ಅಣ್ಣ.

ಇಷ್ಟು ಓದಿದ ಮೇಲೆ ನಾನು ಬಂದ ತೀರ್ಮಾನ ಇದು. ವಿಮರ್ಶಕರ ಬರಹವನ್ನು ಬಹುಮಟ್ಟಿಗೆ ನಂಬಬಹುದು. ಅದರ ತಲೆಯ ಮೇಲೆ ಕೂರಿಸಿದ ಅಂಕವನ್ನು, ಅದರಲ್ಲೂ ಬಿಡುಗಡೆಗೆ ಮೊದಲು ಬಂದ ಸರಾಸರಿಯನ್ನು, ನಂಬಿ ದುಡ್ಡು ಕಟ್ಟಬಾರದು. ಬರೆದವರು ಯಾವ ಯಂತ್ರದಲ್ಲಿ ಆಡಿದರು, ಪೂರ್ತಿ ಆಡಿದರೇ, ಕಂಪನಿ ಏನೇನು ಕರಾರು ಹಾಕಿತ್ತು, ಇಷ್ಟನ್ನು ವಿಮರ್ಶೆಯಲ್ಲಿ ಹುಡುಕಬೇಕು. ಸಿಕ್ಕದಿದ್ದರೆ ಕಾಯಬೇಕು. ಆಟವೇನು ಹಾಲಲ್ಲ, ನಾಳೆಗೆ ಒಡೆದುಹೋಗುವುದಿಲ್ಲ.

ಹುಡುಗ ಮುಖ ಊದಿಸಿಕೊಂಡರೂ ಕಾದ. ಬಿಡುಗಡೆಯಾಗಿ ಮೂರು ವಾರದ ಮೇಲೆ ಫೋನು ಮಾಡಿ, “ದೊಡ್ಡಮ್ಮ, ಹಣ ಕಳಿಸಿ” ಎಂದ. ಅವನ ಬಳಿ ಇರುವಂಥದೇ ಯಂತ್ರದಲ್ಲಿ ಆಡಿದ ಒಬ್ಬರು ಬರೆದ ವಿಮರ್ಶೆ ಅವನನ್ನು ಒಪ್ಪಿಸಿತಂತೆ. ಅವರು ಕೊಟ್ಟ ಅಂಕ ಎಷ್ಟೆಂದು ಕೇಳಿದೆ. ಹತ್ತಕ್ಕೆ ಆರು! ಕಥೆ ತೀರ ನಿಧಾನ, ನಡೆದಾಡುವುದೇ ಹೆಚ್ಚು ಎಂಬುದು ಅವರ ದೂರು. “ನನಗೆ ಅದೇ ಇಷ್ಟ ದೊಡ್ಡಮ್ಮ, ಸುಮ್ಮನೆ ಊರು ಸುತ್ತೋದು” ಎಂದ. ಹಣ ಕಳಿಸಿದೆ.

ಈಗ ಈ ವರ್ಷದ ಆಂತರಿಕ ಅಂಕದ ಪಟ್ಟಿ ನನ್ನ ಮೇಜಿನ ಮೇಲಿದೆ. ಮೊದಲ ಹೆಸರಿನ ಮುಂದೆ, ನಿಜವಾಗಿ ಸಲ್ಲಬೇಕಾದದ್ದು 13 ಎಂದು ಪೆನ್ಸಿಲಿನಲ್ಲಿ ಬರೆದಿದ್ದೇನೆ. ಪೆನ್ನು ಹಿಡಿಯಲು ಕೈ ಇನ್ನೂ ಬಂದಿಲ್ಲ.