ಅಹವಾಲೂ ಅಧಿಕಾರವೂ: ‘ಜನಹಿತ’ ಆ್ಯಪಿನ ವಿಮರ್ಶೆ

1881ನೆಯ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. 144 ಮಂದಿ ಸದಸ್ಯರು ಸರ್ಕಾರದ ವರದಿಯನ್ನು ಕೇಳಿದರು, ತಮ್ಮ ಕಡೆಯ ಕುಂದುಕೊರತೆಗಳನ್ನು ಅರಿಕೆಮಾಡಿಕೊಂಡರು; ನಿರ್ಣಯಿಸುವ ಅಧಿಕಾರ ಅವರಿಗಿರಲಿಲ್ಲ. ಸಭೆಗೆ ಶಾಸನದ ಆಧಾರವೂ, ಹೊಸ ತೆರಿಗೆಗಳ ವಿಷಯದಲ್ಲಿ ಅದರ ಅಭಿಪ್ರಾಯವನ್ನು ಕೇಳತಕ್ಕದ್ದೆಂಬ ಕಟ್ಟಳೆಯೂ ದೊರೆತದ್ದು 1923ರಲ್ಲಿ. ಅಹವಾಲು ಹಕ್ಕಾಗಲು 42 ವರ್ಷಗಳು ಹಿಡಿದುವು.

ಪೌರಾಡಳಿತ ನಿರ್ದೇಶನಾಲಯದ ‘ಜನಹಿತ’ ಆ್ಯಪನ್ನು ಈ ಒರೆಗಲ್ಲಿನಲ್ಲಿಯೇ ಪರೀಕ್ಷಿಸುವುದು ಯುಕ್ತ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಂಥ ಪಟ್ಟಣಗಳ ನಿವಾಸಿಯು ಕಸ, ಚರಂಡಿ, ನೀರು, ಬೀದಿದೀಪಗಳ ದೂರನ್ನು ಕಚೇರಿಯ ಮೆಟ್ಟಿಲು ಹತ್ತದೆಯೇ ದಾಖಲಿಸಬಹುದು. ಅರ್ಜಿ ಕಳೆದುಹೋಯಿತೆಂಬ ನೆಪಕ್ಕೆ ಇಲ್ಲಿ ಎಡೆ ಕಡಮೆ. ಈ ಗುಣವನ್ನು ಮೆಚ್ಚಲೇಬೇಕು.

ಆದರೆ ಇದನ್ನು ಪ್ರಜಾಪ್ರಭುತ್ವದ ಸಾಧನವೆಂದು ಹೊಗಳುವುದು ಅತಿಶಯೋಕ್ತಿಯಾದೀತು. ದೀಪ ಕೆಟ್ಟಿತೆಂದು ತಿಳಿಸಲು ಅದರಲ್ಲಿ ಅವಕಾಶವುಂಟು. ಇರುವ ಹಣದಲ್ಲಿ ದೀಪ ಮೊದಲೋ ಚರಂಡಿ ಮೊದಲೋ ಎಂದು ನೆರೆಹೊರೆಯವರು ಕೂಡಿ ಚರ್ಚಿಸಲು ಅವಕಾಶವಿಲ್ಲ. ದೂರಿನ ವರ್ಗಗಳನ್ನು ಕಟ್ಟಿದ್ದು ಇಲಾಖೆ. ಜನರು ಅವುಗಳೊಳಗೆ ಒಬ್ಬೊಬ್ಬರಾಗಿ ಮಾತನಾಡಬೇಕು.

ಈ ಕೊರತೆ ಸಣ್ಣ ಪಟ್ಟಣಗಳನ್ನು ಹೆಚ್ಚಾಗಿ ಬಾಧಿಸುತ್ತದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ವಾರ್ಡ್ ಸಮಿತಿಗಳನ್ನು ಕಡ್ಡಾಯಗೊಳಿಸಿದ್ದು 3 ಲಕ್ಷ ಅಥವಾ ಅದಕ್ಕೂ ಮಿಗಿಲಾದ ಜನಸಂಖ್ಯೆಯ ಊರುಗಳಿಗೆ ಮಾತ್ರ. 2011ರ ಗಣತಿಯಲ್ಲಿ ಹುಣಸೂರಿನ ಜನಸಂಖ್ಯೆ ಸುಮಾರು 50 ಸಾವಿರ. ಕೂಡಿ ಕುಳಿತುಕೊಳ್ಳುವ ಕಡ್ಡಾಯ ವೇದಿಕೆ ಇಲ್ಲದೆಡೆ ದೂರಿನ ಕಿಂಡಿಯನ್ನೇ ಸಭೆಯೆಂದು ಭ್ರಮಿಸುವುದು ಸುಲಭ.

ಹಳ್ಳಿಗಳ ಸ್ಥಿತಿ ಬೇರೆ. ಅಲ್ಲಿ 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಗ್ರಾಮಸಭೆಯಿದೆ. ಫಲಾನುಭವಿಗಳನ್ನು ಆರಿಸುವ ಕಾರ್ಯವೂ ಅದರದು. ಕೋಟೆಯ ಕಾಡಂಚಿನ ಹಾಡಿಯ ಜೇನುಕುರುಬ ಮುದುಕಿಯೊಬ್ಬಳು ಆ ಸಭೆಯಲ್ಲಿ ಎದ್ದು ನಿಂತು ಪ್ರಶ್ನಿಸಲು ಅಕ್ಷರವೂ ಬೇಡ, ಮೊಬೈಲೂ ಬೇಡ. ಆ್ಯಪು ಬಲ್ಲವರ ದನಿಯನ್ನು ಮಾತ್ರ ಎಣಿಸಿದರೆ ಅವಳ ದನಿ ಲೆಕ್ಕಕ್ಕೇ ಬಾರದು.

ಆದ್ದರಿಂದ ಆ್ಯಪನ್ನು ಬಿಡಬೇಕೆಂದಲ್ಲ, ಅದನ್ನು ಸಭೆಗೆ ಅಧೀನಗೊಳಿಸಬೇಕು. ವಾರ್ಡುವಾರು ಬಂದ ದೂರುಗಳೆಷ್ಟು, ತೀರಿದುವೆಷ್ಟು, ಉಳಿದುವೇಕೆ ಎಂಬ ಲೆಕ್ಕವನ್ನು ಆಯವ್ಯಯಕ್ಕೆ ಮುಂಚೆ ಬಹಿರಂಗ ಸಭೆಯಲ್ಲಿ ಓದಿ ಹೇಳತಕ್ಕದ್ದು. ಅಲ್ಲಿ ಎದ್ದ ಮಾತಿಗೆ ಪುರಸಭೆ ಲಿಖಿತವಾಗಿ ಉತ್ತರ ಕೊಡತಕ್ಕದ್ದು. ಅಲ್ಲಿಯವರೆಗೆ ‘ಜನಹಿತ’ವು ಒಳ್ಳೆಯ ಅಹವಾಲು ಪುಸ್ತಕ, ಅದಕ್ಕಿಂತ ಹೆಚ್ಚಿನದಲ್ಲ.