ಸೂರ್ಯನ ಮೇಲೊಂದು ದೂರು

ಅರ್ಥಶಾಸ್ತ್ರ ಬರೆಯುವವರಿಗೆ ನಗಿಸಲು ಬಾರದು ಎಂಬ ಅಪವಾದವಿದೆ. ಫ್ರಾನ್ಸಿನ ಫ್ರೆಡೆರಿಕ್ ಬಾಸ್ತಿಯಾ (1801–1850) ಅದಕ್ಕೆ ದೊಡ್ಡ ಅಪವಾದ. 1845ರಲ್ಲಿ ಆತ ಬರೆದ ‘ಮೇಣದಬತ್ತಿ ತಯಾರಕರ ಅರ್ಜಿ’ ಕೆಲವೇ ಪುಟಗಳ ಬರಹ. ಮುಕ್ತ ಮಾರುಕಟ್ಟೆಯ ಪರವಾಗಿ ಆಮೇಲೆ ದಪ್ಪ ದಪ್ಪ ಗ್ರಂಥಗಳು ಬಂದಿವೆ. ಆದರೆ ಓದಿ ಮುಗಿಸಿದ ಮೇಲೂ ನಗು ತರಿಸುವುದು ಈ ಅರ್ಜಿಯೇ.

ಮೇಣದಬತ್ತಿ, ಲಾಂದ್ರ, ಬೀದಿದೀಪ, ಕೊಬ್ಬು, ಎಣ್ಣೆ, ರಾಳ ಇವುಗಳ ವ್ಯಾಪಾರಿಗಳೆಲ್ಲ ಸೇರಿ ಶಾಸನಸಭೆಗೆ ಮೊರೆಯಿಡುತ್ತಾರೆ. ಹೊರಗಿನ ಪ್ರತಿಸ್ಪರ್ಧಿಯೊಬ್ಬ ನಂಬಲಾಗದಷ್ಟು ಅಗ್ಗಕ್ಕೆ ಬೆಳಕು ತಂದು ಸುರಿಯುತ್ತಿದ್ದಾನೆ, ಅವನು ಬಂದ ಕೂಡಲೇ ನಮ್ಮ ವ್ಯಾಪಾರ ನಿಂತುಹೋಗುತ್ತದೆ, ಕಾಪಾಡಿ ಎನ್ನುತ್ತಾರೆ. ಆ ಪ್ರತಿಸ್ಪರ್ಧಿ ಸೂರ್ಯ! ಬಾಗಿಲ ಸಂದು, ಕಿಟಕಿ, ಬೆಳಕಿಂಡಿ ಯಾವುದನ್ನೂ ಬಿಡದೆ ಹಗಲಲ್ಲೂ ಮುಚ್ಚಿಸುವ ಕಾನೂನು ಬೇಕಂತೆ. ಕತ್ತಲಾದರೆ ಕೊಬ್ಬಿಗೆ ಬೇಡಿಕೆ, ಕೊಬ್ಬಿಗಾಗಿ ದನಕುರಿ, ದನದಿಂದ ಗೊಬ್ಬರ. ಎಣ್ಣೆಗಾಗಿ ತಿಮಿಂಗಿಲ, ತಿಮಿಂಗಿಲಕ್ಕಾಗಿ ಸಾವಿರಾರು ಹಡಗು. ದೇಶಕ್ಕೆ ದೇಶವೇ ಉದ್ಧಾರ! ಮಂಜು ಮುಸುಕಿದ ಇಂಗ್ಲೆಂಡಿಗೆ ಮಾತ್ರ ಸೂರ್ಯ ಅಷ್ಟು ಮರ್ಯಾದೆ ಕೊಡುವುದರಿಂದ ಇದರಲ್ಲಿ ಇಂಗ್ಲಿಷರ ಪಿತೂರಿಯೂ ಇರಬಹುದೆಂಬ ಗುಮಾನಿ ಬೇರೆ.

ಬರಹದ ಶಕ್ತಿ ಇರುವುದು ಧಾಟಿಯಲ್ಲಿ. ಅರ್ಜಿಗೆ ತಕ್ಕ ಕಚೇರಿಯ ಗಾಂಭೀರ್ಯವನ್ನು ಬಾಸ್ತಿಯಾ ಕೊನೆಯವರೆಗೂ ಬಿಡುವುದಿಲ್ಲ. ಎಲ್ಲೂ ಕಣ್ಣು ಮಿಟುಕಿಸುವುದಿಲ್ಲ. ಇನ್ನೊಂದು ಸಂಗತಿ: 1798ರಿಂದ 1926ರವರೆಗೆ ಫ್ರಾನ್ಸಿನಲ್ಲಿ ಬಾಗಿಲು-ಕಿಟಕಿಗಳಿಗೆ ತೆರಿಗೆಯಿತ್ತು. ಬೆಳಕಿಗೆ ಆಗಲೇ ದುಡ್ಡು ತೆರುತ್ತಿದ್ದ ಓದುಗನಿಗೆ ಈ ಅರ್ಜಿ ಬರೀ ಕಲ್ಪನೆಯೆನಿಸಿರಲಾರದು. ನಗಿಸುತ್ತಲೇ ಬಾಸ್ತಿಯಾ ಒಂದು ಕಿತ್ತಳೆ ಹಣ್ಣನ್ನು ಮುಂದಿಡುತ್ತಾನೆ. ಲಿಸ್ಬನ್ನಿನ ಕಿತ್ತಳೆ ಪ್ಯಾರಿಸ್ಸಿನದರ ಅರ್ಧ ಬೆಲೆಗೆ ಸಿಗುವುದು ಅಲ್ಲಿನ ಬಿಸಿಲಿನಿಂದ. ಅರ್ಧ ಪುಕ್ಕಟೆ ಬಂದದ್ದನ್ನು ತಡೆಯುವವರು ಪೂರ್ತಿ ಪುಕ್ಕಟೆ ಬರುವ ಹಗಲನ್ನೇಕೆ ಒಳಗೆ ಬಿಡಬೇಕು? ಉತ್ತರ ಹೇಳುವುದು ಕಷ್ಟ.

ಅರ್ಜಿಗೆ ಸಹಿ ಹಾಕದ ಒಬ್ಬನಿದ್ದಾನೆ. ಕಿಟಕಿ ಮುಚ್ಚಿದ ಮನೆಯೊಳಗೆ ಕೂತು ಮೇಣದಬತ್ತಿಗೆ ಕಾಸು ಎಣಿಸಬೇಕಾದವನು. ವ್ಯಾಪಾರಿಗಳಿಗೆ ಸಂಘವಿದೆ, ಅವನಿಗಿಲ್ಲ. ಬಾಸ್ತಿಯಾ ಕಾಯುವ ಸ್ವಾತಂತ್ರ್ಯ ಈ ಮನುಷ್ಯನದು. ಅವನ ಹಿತವನ್ನು ವ್ಯಾಪಾರಿಗಳ ಬಾಯಲ್ಲೇ ತಳ್ಳಿಹಾಕಿಸಿ ಅವನ ಪರ ವಾದಿಸಿರುವುದು ಬರಹದ ನಿಜವಾದ ಜಾಣ್ಮೆ.

ಮುಂಬಯಿಯಲ್ಲಿ ಕೂತು ಓದಿದರೆ ಆ ಸೂರ್ಯನಿಗೆ ನಮ್ಮದೇ ಮುಖ ಮೂಡುತ್ತದೆ. 1966ರಲ್ಲಿ ಶಿವಸೇನೆ ಹುಟ್ಟಿದಾಗ ಅದು ಮುಂದಿಟ್ಟ ದೂರು ಇಂಥದ್ದೇ: ಹೊರಗಿನವರು ಬಂದು ನಮ್ಮವರ ಕೆಲಸ ಕಸಿಯುತ್ತಿದ್ದಾರೆ. ಹೊರಗಿನವರೆಂದರೆ ಆಗ ದಕ್ಷಿಣದವರು. ‘ಮಾರ್ಮಿಕ್’ ವಾರಪತ್ರಿಕೆ ಕಂಪನಿ, ಕಚೇರಿಗಳಲ್ಲಿದ್ದ ದಕ್ಷಿಣದವರ ಹೆಸರುಗಳನ್ನು ಪಟ್ಟಿ ಮಾಡಿ ಅಚ್ಚು ಹಾಕಿತು. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿತ್ತು. ಅಗ್ಗಕ್ಕೆ ಇಡ್ಲಿ-ಸಾಂಬಾರು ಕೊಟ್ಟದ್ದೂ ಒಂದು ಅಪರಾಧವಾಗಬಹುದೆಂದು ಬಾಸ್ತಿಯಾನಿಗೂ ಹೊಳೆದಿರಲಿಕ್ಕಿಲ್ಲ. ಆ ಇಡ್ಲಿ ತಿಂದು ಕೆಲಸಕ್ಕೆ ಓಡುತ್ತಿದ್ದ ಮರಾಠಿ ಗುಮಾಸ್ತ ಯಾವ ಅರ್ಜಿಗೂ ಸಹಿ ಹಾಕಿರಲಿಲ್ಲ. ದೇಶದಲ್ಲಿ ಎಲ್ಲಿ ಬೇಕಾದರೂ ನೆಲೆಸಿ ಉದ್ಯೋಗ ಮಾಡುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲಿ ಭದ್ರವಾಗಿ ಕೂತಿತ್ತು. ಕಲ್ಲು ಎಸೆಯುವವರು ಅದನ್ನು ಓದಿರಬೇಕಲ್ಲ!

ಈಗ ಕನ್ನಡಿ ಊರಿನ ಕಡೆ ತಿರುಗಲಿ. 2024ರ ಜುಲೈಯಲ್ಲಿ ಕರ್ನಾಟಕದ ಸಚಿವ ಸಂಪುಟ ಖಾಸಗಿ ಉದ್ದಿಮೆಗಳ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದ ಹುದ್ದೆಗಳಲ್ಲಿ ಶೇ. 70 ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ಒಪ್ಪಿಗೆ ಕೊಟ್ಟು, ಗದ್ದಲವೆದ್ದ ಮೇಲೆ ತಡೆಹಿಡಿಯಿತು. ಅಂಧೇರಿಯಲ್ಲೋ ಠಾಣೆಯಲ್ಲೋ ಕೂತು ಆ ಮಸೂದೆಗೆ ಚಪ್ಪಾಳೆ ತಟ್ಟುವ ಕನ್ನಡಿಗ ಯಾವ ಪಾತ್ರದಲ್ಲಿದ್ದಾನೆ? ಇಲ್ಲಿ ಸೂರ್ಯ, ಅಲ್ಲಿ ಮೇಣದಬತ್ತಿ. ಎರಡು ವೇಷ, ಒಬ್ಬನೇ ನಟ. ಈ ಸಂಗತಿ ತಮಾಷೆಯಾಗಿ ಕಂಡಷ್ಟೇ ಚುಚ್ಚುತ್ತದೆ ಕೂಡ.

ಹಾಗೆಂದು ಬಾಸ್ತಿಯಾನಿಗೆ ಪೂರ್ತಿ ಅಂಕ ಕೊಡಲಾಗದು. ಅವನ ಅರ್ಜಿಯಲ್ಲಿ ವ್ಯಾಪಾರಿಗಳಿದ್ದಾರೆ, ಕೊಬ್ಬು ಕರಗಿಸಿ ಅಚ್ಚಿಗೆ ಹೊಯ್ಯುವ ಕೂಲಿಯವನಿಲ್ಲ. ಅಂಗಡಿ ಮುಚ್ಚಿದ ದಿನ ಅವನು ಏನು ತಿನ್ನಬೇಕೆಂಬ ಪ್ರಶ್ನೆಗೆ ನಗು ಉತ್ತರವಾಗದು. ಸೂರ್ಯನ ಹೋಲಿಕೆಗೂ ಒಂದು ಮಿತಿಯಿದೆ. ಸೂರ್ಯ ಬಾಡಿಗೆ ಮನೆ ಹುಡುಕುವುದಿಲ್ಲ, ಮರಾಠಿಯನ್ನೋ ಕನ್ನಡವನ್ನೋ ಕಲಿಯಬೇಕಾಗಿಲ್ಲ. ತನ್ನ ಊರಿನ ಬ್ಯಾಂಕಿನಲ್ಲಿ ತನ್ನ ಭಾಷೆಯಲ್ಲಿ ಚಲನ್ ತುಂಬಲಾಗದ ಅಜ್ಜಿಯ ದೂರನ್ನು ಮೇಣದಬತ್ತಿ ವ್ಯಾಪಾರಿಯ ದೂರಿನ ಜೊತೆ ಒಂದೇ ಕಡತಕ್ಕೆ ಸೇರಿಸಲಾಗದು.

ಆದ್ದರಿಂದ ಯಾವುದೇ ಅರ್ಜಿ ಕೈಗೆ ಬಂದಾಗ ಒಂದನ್ನು ನೋಡಿಕೊಳ್ಳಬೇಕು: ಇದು ತನ್ನ ದೀಪಕ್ಕೆ ಎಣ್ಣೆ ಕೇಳುತ್ತಿದೆಯೋ, ಪಕ್ಕದವನ ಕಿಟಕಿ ಮುಚ್ಚಿಸಿ ಎನ್ನುತ್ತಿದೆಯೋ? ಎಣ್ಣೆಗೂ ಸರ್ಕಾರದ ಮುಂದೆ ಕೈಚಾಚಬೇಡಿ ಎಂದಾನು ಬಾಸ್ತಿಯಾ. ಅಲ್ಲಿ ನಾನು ಅವನ ಪಕ್ಷದವನಲ್ಲ. ಕನ್ನಡ ಶಾಲೆಗೆ ಮೇಷ್ಟರು ಬೇಕು, ಊರಿನ ಹುಡುಗರಿಗೆ ಕಸುಬು ಕಲಿಸಬೇಕು ಎಂಬ ಅರ್ಜಿಗೆ ಸಂತೋಷವಾಗಿ ಸಹಿ ಹಾಕುತ್ತೇನೆ. ಕಿಟಕಿ ಮುಚ್ಚಿಸುವ ಅರ್ಜಿ ಬೆಂಗಳೂರಿನಿಂದಲೇ ಬಂದರೂ ಪೆನ್ನು ಜೇಬಿನಿಂದ ಹೊರಗೆ ಬರುವುದಿಲ್ಲ.